ಮೊದಲ ಹನಿ ಮೊಲದ ಕಣ್ಣಿಗೇ ಬೀಳಬೇಕೆ?

ಕಣ್ಣಿನ ಹನಿ, ಚರ್ಮದ ಮುಲಾಮು ಜನರ ಕೈಗೆ ಬರುವ ಮೊದಲು ಅವು ಉರಿ ತರುತ್ತವೆಯೇ ಎಂದು ಮೊಲದ ಮೇಲೆ ಪರೀಕ್ಷಿಸುವುದು ಮುಂದುವರಿಯಬೇಕೆ? ಪರವಾಗಿ ಬರೆದವರು ಧಾರವಾಡದ ನಿವೃತ್ತ ಔಷಧಶಾಸ್ತ್ರ ಪ್ರಾಧ್ಯಾಪಕರು. ವಿರೋಧಿಸಿದವರು ಅವರದೇ ಶಿಷ್ಯೆ. ತವರು ಬ್ಯಾಡಗಿ, ಪಾಠ ಮಾಡುವುದು ಹುಬ್ಬಳ್ಳಿಯಲ್ಲಿ.

ಪರ: ಇಪ್ಪತ್ತೊಂದನೆಯ ದಿನ ಕಣ್ಣು ಹೇಗಿದೆ?

ರಾತ್ರಿ ಊಟವಾದ ಮೇಲೆ ನನ್ನ ಹೆಂಡತಿ ನನ್ನ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾಳೆ. ನನಗೆ ಗ್ಲಾಕೋಮಾ, ಮೆಲ್ಲಗೆ ದೃಷ್ಟಿ ಕಸಿಯುವ ಕಣ್ಣಿನ ರೋಗ. ಅವಳ ಕೈ ನಡುಗಿ ಹನಿ ಕೆನ್ನೆಗಿಳಿದರೂ ಬೈಗುಳ ನನಗೇ: "ಕಣ್ಣ ಮಿಟಕಸಬ್ಯಾಡ್ರಿ ಅಂದ್ರ ಕೇಳಂಗಿಲ್ಲ ನೀವು." ಈ ಹನಿ ನನಗೆ ಬದುಕಿರುವವರೆಗೂ ಬೇಕು. ಅದು ಬೀಳುವ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ತಿಳಿ ಪದರದ, ದಪ್ಪ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು, ಅಷ್ಟೆ. ಒಳಗೆ ರಕ್ತನಾಳವಿಲ್ಲ. ಆಳಕ್ಕೆ ಸುಟ್ಟರೆ ಬಿಳಿ ಕಲೆಯಾಗಿ ಉಳಿಯುತ್ತದೆ, ಆಮೇಲೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕಣ್ಣಿಗೆ ಕಾಯಬೇಕು.

ಪರೀಕ್ಷೆಯೇ ಇಲ್ಲದ ಕಾಲ ಹೇಗಿತ್ತು ಎನ್ನುವುದಕ್ಕೆ ದಾಖಲೆ ಇದೆ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಗೂದಲಿನ ಬಣ್ಣ ಮಾರಾಟವಾಗುತ್ತಿತ್ತು. ಅದರಲ್ಲಿದ್ದದ್ದು ಪ್ಯಾರಾಫೆನಿಲೀನ್‌ಡೈಅಮೀನ್, ಇವತ್ತಿಗೂ ತಲೆಗೂದಲು ಕಪ್ಪು ಮಾಡುವ ಬಣ್ಣಗಳಲ್ಲಿರುವ ಅದೇ ರಾಸಾಯನಿಕ. ಹಚ್ಚಿಕೊಂಡ ಕೆಲವು ಹೆಂಗಸರ ಕಣ್ಣು ಹೋದವು, ಒಬ್ಬಾಕೆಯ ಜೀವವೂ ಹೋಯಿತು. ಅದನ್ನು ಅಂಗಡಿಯಿಂದ ತೆಗೆಸಲು ಅಲ್ಲಿನ ಸರ್ಕಾರಕ್ಕೆ ಅಧಿಕಾರ ಸಿಕ್ಕಿದ್ದು 1938ರ ಕಾನೂನಿನಿಂದ. ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಜಾನ್ ಡ್ರೇಜ್ ಮತ್ತು ಸಂಗಡಿಗರು ಮೊಲದ ಪರೀಕ್ಷೆಯನ್ನು ಅಂಕಗಳ ಸಮೇತ ಪ್ರಕಟಿಸಿದ್ದು 1944ರಲ್ಲಿ.

ಪರೀಕ್ಷೆ ನೋಡಲು ಸರಳ. ಬಿಳಿ ಮೊಲದ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಪುಟ್ಟ ಬಟ್ಟಲಾಗುತ್ತದೆ. ಅದರೊಳಗೆ 0.1 ಮಿ.ಲೀ. ಬಿಟ್ಟು, ರೆಪ್ಪೆಗಳನ್ನು ಒಂದು ಕ್ಷಣ ಕೂಡಿಸಿ ಹಿಡಿದು ಬಿಡುವುದು. ಇನ್ನೊಂದು ಕಣ್ಣಿಗೆ ಏನೂ ಹಾಕುವುದಿಲ್ಲ, ಅದು ಹೋಲಿಕೆಗೆ. 1, 24, 48, 72 ತಾಸಿಗೆ ಬೆಳಕು ಹಾಯಿಸಿ ನೋಡಿ, ಹಾನಿ ಎಷ್ಟೆಂದು ಅಂಕ ಬರೆಯುವುದು. ಚರ್ಮಕ್ಕಾದರೆ ಬೆನ್ನಿನ ರೋಮ ತೆಗೆದು, 6 ಚದರ ಸೆಂ.ಮೀ. ಜಾಗಕ್ಕೆ 0.5 ಮಿ.ಲೀ. ಹಚ್ಚಿ, ಬ್ಯಾಂಡೇಜು ಬಟ್ಟೆಯಿಂದ ನಾಲ್ಕು ತಾಸು ಮುಚ್ಚಿಡುವುದು.

ನನ್ನ ವಾದವೆಲ್ಲ ನಿಂತಿರುವುದು ಮುಂದಿನ ದಿನಗಳ ಮೇಲೆ. ಕಣ್ಣು ಕೆಂಪಾಯಿತು ಎನ್ನುವುದು ಅರ್ಧ ಉತ್ತರ. ತಿರುಗಿ ತಿಳಿಯಾಯಿತೇ? ಅದಕ್ಕಾಗಿಯೇ 21 ದಿನ ಕಾಯುವುದು. ವಾಸಿಯಾಗುವ ಉರಿ ಬೇರೆ, ಉಳಿದುಬಿಡುವ ಹಾನಿ ಬೇರೆ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಪದರಕ್ಕೆ ಕಣ್ಣೀರಿಲ್ಲ, ರಕ್ತವಿಲ್ಲ, ಮೂರು ವಾರ ಕಾಯುವ ಆಯುಷ್ಯವೂ ಇಲ್ಲ. ಎಷ್ಟು ಕೋಶ ಸತ್ತವು ಎಂದು ಅದು ಹೇಳೀತು. ಗಾಯ ಮಾಯಿತೇ ಎಂದು ಕೇಳಿದರೆ ಸುಮ್ಮನಿರುತ್ತದೆ.

ನಾನು ಕೆಲಸ ಕಲಿತ ಕಾಲದಲ್ಲಿ ಒಂದು ಪದಾರ್ಥಕ್ಕೆ ಆರು ಮೊಲ, ಅರಿವಳಿಕೆಯ ಮಾತೇ ಇಲ್ಲ. ಒಂದು ಮೊಲ ಚೀರಿದ್ದು ಈಗಲೂ ಕಿವಿಯಲ್ಲಿದೆ, ಎಳೆಗೂಸಿನ ದನಿ. ಅದನ್ನು ನಾನು ಸಮರ್ಥಿಸುವುದಿಲ್ಲ. ಹಲವು ದೇಶಗಳ ಒಕ್ಕೂಟವಾದ ಓಇಸಿಡಿಯ ಈಗಿನ ನಿಯಮ ಬೇರೆ: ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 2ರೊಳಗೆ ಅಥವಾ 11.5ರ ಮೇಲಿದ್ದರೆ ಸಾಮಾನ್ಯವಾಗಿ ಮೊಲದ ಹತ್ತಿರವೇ ಒಯ್ಯುವಂತಿಲ್ಲ; ಒಯ್ದರೂ ಮೊದಲು ಒಂದೇ ಮೊಲ; ನೋವು ತಡೆಯುವ ಔಷಧ ಕೊಟ್ಟೇ ಹನಿ ಬಿಡಬೇಕು. ಇಷ್ಟು ಕಟ್ಟುಪಾಡಿನಲ್ಲಿ ಒಂದೆರಡು ಮೊಲ, ಆ ಕಡೆ ಲಕ್ಷಾಂತರ ಕಣ್ಣು. ನನ್ನ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಮುಚ್ಚಿಡಲಾರೆ.

ವಿರೋಧ: ಮೊಲಕ್ಕೆ ಖಾರ ಹತ್ತುವುದಿಲ್ಲ

ಸರ್ ಎದುರು ಕೂತು ವಾದ ಮಾಡಿದವಳಲ್ಲ ನಾನು. ಬರೆಯುವುದಾದರೆ ಧೈರ್ಯ ಬರುತ್ತದೆ.

ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಅವ್ವ ಮೆಣಸಿನಕಾಯಿಯ ತುಂಬು ಬಿಡಿಸಲು ಹೋಗುತ್ತಿದ್ದಳು. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆಯೇ. ಆದರೂ ದಿನವಿಡೀ ಕೂತರೆ ಬೆರಳ ಸಂದಿಯೆಲ್ಲ ಧಗಧಗ. ಸಂಜೆ ಕೈಗೆ ಎಣ್ಣೆ ಸವರಿಕೊಂಡು ಕೂರುತ್ತಿದ್ದಳು. ನಾವು ಮಡಿಲಿಗೆ ಹೋದರೆ "ದೂರ ಸರೀರಿ, ಕಣ್ಣಿಗೆ ಹತ್ತೀತು" ಎಂದು ಮೊಣಕೈಯಿಂದ ತಳ್ಳುತ್ತಿದ್ದಳು. ಆ ಉರಿಯ ಮೂಲ ಕ್ಯಾಪ್ಸೈಸಿನ್. ಅದೇ ಕ್ಯಾಪ್ಸೈಸಿನ್ ಮುಲಾಮಿನ ರೂಪದಲ್ಲಿ ಔಷಧವೂ ಹೌದು. ಸಂಧಿನೋವಿಗೆ, ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ಹಚ್ಚುತ್ತಾರೆ.

ಕ್ಯಾಪ್ಸೈಸಿನ್ ನಮ್ಮ ನರತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ ಅಂಟಿ ಉರಿ ಎಬ್ಬಿಸುತ್ತದೆ. ಮೊಲದಲ್ಲೂ ಆ ಗ್ರಾಹಕ ಇದೆ, ಆದರೆ ಒಂದು ಅಮೈನೋ ಆಮ್ಲ ಬೇರೆ. ಅಷ್ಟಕ್ಕೇ ಅದು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದು ಸುಮಾರು ನೂರು ಪಟ್ಟು ಕಡಿಮೆ. 2004ರಲ್ಲೇ ಇದು ಪ್ರಕಟವಾಗಿದೆ. ಗಿಳಿ ಮೆಣಸಿನಕಾಯಿಯನ್ನು ಆರಾಮಾಗಿ ಕಚ್ಚುವುದನ್ನು ಹೊಲದಲ್ಲಿ ನೋಡಿದವರಿಗೆ ಇದು ಸೋಜಿಗವೇನಲ್ಲ. ಅವ್ವ ಮುಟ್ಟಿದ ಕೂಡಲೇ ಕೈ ಹಿಂದೆಳೆದುಕೊಳ್ಳುವ ಮುಲಾಮಿಗೆ ಮೊಲ ಸುಮ್ಮನೆ ಕೂತುಬಿಟ್ಟೀತು.

ಕ್ಯಾಪ್ಸೈಸಿನ್ ಒಂದು ವಿಶೇಷ ಪ್ರಕರಣ, ಒಪ್ಪಿದೆ. ಆದರೆ ಯಾವ ಪದಾರ್ಥವಾದರೂ ಮೊಲದ ಕಣ್ಣು ನಮ್ಮ ಕಣ್ಣಲ್ಲ. ಅದು ರೆಪ್ಪೆ ಬಡಿಯುವುದೇ ಅಪರೂಪ, ಕಣ್ಣೀರು ಕಡಿಮೆ, ಮೂರನೆಯ ರೆಪ್ಪೆ ಬೇರೆ. ಸರ್ ಮಿಟುಕಿಸಿ ಕೆನ್ನೆಗೆ ಚೆಲ್ಲುವ ಹನಿ ಮೊಲದ ಕಣ್ಣಲ್ಲೇ ಕೂತಿರುತ್ತದೆ. ಅಂಕ ಕೊಡುವುದೂ ನೋಡುವವರ ಕಣ್ಣಳತೆಯ ಮೇಲೆ. 1971ರಲ್ಲಿ ವೈಲ್ ಮತ್ತು ಸ್ಕಾಲಾ ಒಂದೇ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದರು. ಒಂದು ಕಡೆ ತೀವ್ರ ಉರಿ ಎನಿಸಿಕೊಂಡದ್ದು ಇನ್ನೊಂದು ಕಡೆ ನಿರಪಾಯ ಎನಿಸಿಕೊಂಡಿತು.

ಲ್ಯಾಶ್ ಲ್ಯೂರ್ ಕಥೆ ಸರ್ ನಮಗೆ ತರಗತಿಯಲ್ಲೂ ಹೇಳುತ್ತಿದ್ದರು. ಆದರೆ ಅದು ಬಹುಮಟ್ಟಿಗೆ ಅಲರ್ಜಿ. ಮೊದಲ ಸಲ ಮೈಯನ್ನು ಸುಮ್ಮನೆ ಸಜ್ಜುಗೊಳಿಸಿ, ಮುಂದಿನ ಸಲ ಎರಗುವಂಥದ್ದು. ಒಮ್ಮೆ ಹನಿ ಬಿಟ್ಟು ನೋಡುವ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. 2023ರಲ್ಲಿ ಭಾರತದಲ್ಲಿ ತಯಾರಾದ ಕಣ್ಣಿನ ಹನಿಯಿಂದ ಅಮೆರಿಕದಲ್ಲಿ ಕೆಲವರ ದೃಷ್ಟಿ ಹೋಯಿತಲ್ಲ, ಸತ್ತವರೂ ಇದ್ದರು. ಅಲ್ಲಿ ಇದ್ದದ್ದು ಔಷಧಕ್ಕೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾ. ಹುಳುಕಿದ್ದದ್ದು ಕಾರ್ಖಾನೆಯ ಶುಚಿತ್ವದಲ್ಲಿ.

ಮೊಲದ ಬದಲು ಏನು? ಕಸಾಯಿಖಾನೆಯಲ್ಲಿ ಹೇಗೂ ಬಿಸಾಡುವ ದನದ ಕಣ್ಣಿನ ಕಾರ್ನಿಯಾ ತಂದು, ಪದಾರ್ಥ ಹಾಕಿ, ಎಷ್ಟು ಮಬ್ಬಾಯಿತು, ಬಣ್ಣ ಎಷ್ಟು ಸೋರಿತು ಎಂದು ಯಂತ್ರದಲ್ಲಿ ಅಳೆಯುವ ವಿಧಾನ 2009ರಿಂದ ಓಇಸಿಡಿ ಪಟ್ಟಿಯಲ್ಲಿದೆ. ಚರ್ಮಕ್ಕೆ 2010ರಿಂದ ಮನುಷ್ಯರದೇ ಕೋಶದಿಂದ ಕಟ್ಟಿದ ಪದರ ಇದೆ. ಅದಕ್ಕೆ ಎಂಟಿಟಿ ಎಂಬ ಹಳದಿ ಬಣ್ಣ ಹಾಕಿದರೆ ಬದುಕಿದ ಕೋಶ ನೇರಳೆಯಾಗುತ್ತದೆ, ಸತ್ತದ್ದು ಆಗುವುದಿಲ್ಲ. ಬದುಕಿದ್ದು ಅರ್ಧಕ್ಕಿಂತ ಕಡಿಮೆಯಾದರೆ ಉರಿ ತರುವ ಪದಾರ್ಥ. ವಾದವಿವಾದಕ್ಕೆ ಜಾಗವಿಲ್ಲ.

ಇಪ್ಪತ್ತೊಂದನೆಯ ದಿನದ ಪ್ರಶ್ನೆಗೆ ನನ್ನ ತಟ್ಟೆ ಸುಮ್ಮನಿರುತ್ತದೆ ಎಂದರು ಸರ್. ನಿಜ, ಸುಳ್ಳು ಹೇಳಲಾರೆ. ಹೊಸ ಹನಿಯನ್ನು ತಿಂಗಳುಗಟ್ಟಲೆ ಪ್ರಾಣಿಗಳಿಗೆ ಹಾಕಿ ನೋಡುವ ವಿಷಪರೀಕ್ಷೆ ಇವತ್ತಿಗೂ ತಪ್ಪಿಲ್ಲ. ಹಾಗಾದರೆ ಕಣ್ಣನ್ನು ಅಲ್ಲೇ ನೋಡಿದರಾಯಿತು. ಔಷಧ ನಿಯಮಗಳ ಅಂತರರಾಷ್ಟ್ರೀಯ ವೇದಿಕೆಯಾದ ಐಸಿಎಚ್‌ನ ಮಾರ್ಗಸೂಚಿ ಹೇಳುವುದೂ ಇದನ್ನೇ: ಸ್ಥಳೀಯ ಸಹನೆಯನ್ನು, ಅಂದರೆ ಔಷಧ ಹಾಕಿದ ಜಾಗ ಅದನ್ನು ತಾಳುತ್ತದೆಯೇ ಎಂಬುದನ್ನು, ಸಾಮಾನ್ಯ ವಿಷಪರೀಕ್ಷೆಯ ಜೊತೆಗೇ ನೋಡಿ, ಅದಕ್ಕಾಗಿಯೇ ಪ್ರತ್ಯೇಕ ಪ್ರಯೋಗ ಸಾಮಾನ್ಯವಾಗಿ ಬೇಡ. ನನ್ನ ತಕರಾರು ಆ ಪ್ರತ್ಯೇಕ ಪ್ರಯೋಗದ ಮೇಲೆ. ಲಿಪ್‌ಸ್ಟಿಕ್ಕಿಗೆ, ಕ್ರೀಮಿಗೆ ಪ್ರಾಣಿಪರೀಕ್ಷೆಯನ್ನು ನಮ್ಮ ದೇಶ 2014ರಲ್ಲೇ ನಿಲ್ಲಿಸಿತು. ಹೊಸ ಔಷಧಗಳ ನಿಯಮಕ್ಕೆ 2023ರಲ್ಲಿ ತಿದ್ದುಪಡಿ ಬಂದು ಪ್ರಾಣಿಯಿಲ್ಲದ ವಿಧಾನಗಳಿಗೂ ಬಾಗಿಲು ತೆರೆಯಿತು. ಆದರೂ ಫೈಲಿನಲ್ಲಿ ಮೊಲದ ಅಂಕಪಟ್ಟಿ ಇದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ಧೈರ್ಯಕ್ಕೆ ಮಾಡಿಸುವವರಿದ್ದಾರೆ.

ಹೋದ ತಿಂಗಳು ಧಾರವಾಡದ ಮಾಳಮಡ್ಡಿಯಲ್ಲಿರುವ ಅವರ ಮನೆಗೆ ಹೋದಾಗ ಸರ್ ಕಣ್ಣು ಕೆಂಪಗಿದ್ದವು. ಬಾಟಲಿ ಇಸಿದುಕೊಂಡು, ಕಿಟಕಿಗೆ ಹಿಡಿದು ಓದಿದೆ: ಬೆನ್ಜಾಲ್ಕೋನಿಯಂ ಕ್ಲೋರೈಡ್. ಕೆಡದಿರಲಿ ಎಂದು ಹಾಕುವ ಇದು ವರ್ಷಗಟ್ಟಲೆ ಬಳಸಿದರೆ ಕಣ್ಣಿನ ಮೇಲ್ಪದರವನ್ನು ಸವೆಸುತ್ತದೆ ಎಂದು ನನಗೆ ಕಲಿಸಿದವರು ಸರ್‌ ಅವರೇ. ವೈದ್ಯರು ಅದಿಲ್ಲದ, ಒಂದೊಂದೇ ಸಲಕ್ಕೆ ಒಡೆಯುವ ಪುಟ್ಟ ನಳಿಕೆಗಳನ್ನು ಬರೆದುಕೊಟ್ಟರು. ಈಗ ಕೆಂಪು ಇಳಿದಿದೆಯಂತೆ. ಅಮ್ಮಾವ್ರಿಗೆ ಮಾತ್ರ ಸಮಾಧಾನವಿಲ್ಲ: "ಇದ್ರಾಗ ಇರೋದ ನಾಕ ಹನಿ. ಇವ್ರು ಮಿಟಕಸಿದ್ರ ಮುಗೀತು, ಇನ್ನೊಂದು ಒಡೀಬೇಕು."