ಕೊರಗಜ್ಜನ ಸೀಟು ಕೋಟಾ

ಮಂಗಳೂರಿನಲ್ಲಿ ಎಲ್‌ಕೆಜಿ ಅಡ್ಮಿಷನ್ ಶುರುವಾಯಿತೆಂದರೆ ಕುತ್ತಾರಿನ ಕೊರಗಜ್ಜ ದೈವಕ್ಕೆ ಕೆಲಸ ಜಾಸ್ತಿ. ಕಳೆದುಹೋದ ಚಿನ್ನ ಹುಡುಕಿಕೊಡುವ ಅಜ್ಜ ಈಗ ಸೀಟನ್ನೂ ಹುಡುಕಬೇಕು. ಚಕ್ಕುಲಿ, ಎಲೆ ಅಡಿಕೆ, ಒಂದು ಬಾಟಲಿ ಶೇಂದಿ ಹರಕೆ. ಡೊನೇಷನ್ ಮುಂದೆ ಇದೆಲ್ಲ ಏನೂ ಅಲ್ಲ ಬಿಡಿ. ರಶೀದಿ ಮಾತ್ರ ಎರಡು ಕಡೆಯೂ ಇಲ್ಲ.

ಅಜ್ಜ ಹುಟ್ಟಿದ್ದು ಊರು ದೂರವಿಟ್ಟ ಕೊರಗ ಬುಡಕಟ್ಟಿನ ಮನೆಯಲ್ಲಿ. ಆ ಸಮುದಾಯದ ಮಗುವೇ ಬಂದು ಪಕ್ಕದ ಬೆಂಚಿನಲ್ಲಿ ಕೂತರೆ? "ಛೆ ಛೆ, ನಾವು ಜಾತಿ ನೋಡುವವರಲ್ಲ ಮಾರಾಯ್ರೆ. ಆದ್ರೆ ಪಾಪ, ಆ ಮಗುವಿಗೇ ಕಷ್ಟ ಅಲ್ವಾ?" ಎಂಥ ಕರುಣೆ!

ನಮ್ಮ ಅಪಾರ್ಟ್‌ಮೆಂಟಿನ ರಾಯರಿಗೆ ಸಿಟ್ಟಿರುವುದು ಅಮೆರಿಕದ ಮೇಲೆ. ಮಗ ಅಲ್ಲೇ ಇದ್ದಾನೆ. "ಕಪ್ಪು ಮಕ್ಕಳಿಗೆ ಬೇರೆ ಶಾಲೆ ಕೂಡದು ಅಂತ 1954ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಬರುವುದು ಆಯಾ ಊರಿನ ಮನೆ ತೆರಿಗೆಯಿಂದ. ಸಿರಿವಂತರ ಏರಿಯಾಕ್ಕೆ ಒಳ್ಳೆ ಶಾಲೆ, ಬಡವರಿಗೆ ಉಳಿದದ್ದು. ಅನ್ಯಾಯ ಅಲ್ವಾ?"

ಅನ್ಯಾಯವೇ. ನಾವು ಅಷ್ಟು ಸುತ್ತು ಬಳಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಎಂದಿತು. 2019ರ ಹೊತ್ತಿಗೆ ನಮ್ಮ ರಾಜ್ಯ ನಿಯಮವನ್ನೇ ಬದಲಿಸಿತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ತಲೆನೋವಿಲ್ಲ. ಹತ್ತಿರದ ಶಾಲೆಯೇ ಮಕ್ಕಳಿಗೆ ಒಳ್ಳೆಯದೆಂದು ರಾಯರೂ ಒಪ್ಪಿದರು. ಅವರ ಮಗಳ ಮಗಳ ಸ್ಕೂಲ್ ವ್ಯಾನು ದಿನಾ ಹತ್ತಿರದ ಸರಕಾರಿ ಶಾಲೆಯ ಮುಂದೆಯೇ ಹೋಗುತ್ತದೆ. ನಿಲ್ಲುವುದಿಲ್ಲ, ಅಷ್ಟೇ.

ಇದೇ ಊರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಊರಿನವರು ಅವರಿಗೇ ಬಹಿಷ್ಕಾರ ಹಾಕಿದರು. ಈಗ ಪುರಭವನಕ್ಕೆ ಅವರದೇ ಹೆಸರಿದೆ. ತೀರಿಕೊಂಡವರ ಮೇಲೆ ನಮಗೆ ಭಾರೀ ಗೌರವ.

ಇನ್ನು ಅಜಲು. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಆ ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಹಳೇ ಕಾಲದ ಮಾತು ಎನ್ನುವಿರಾ? 2000 ಅಂದೆ, 1900 ಅಲ್ಲ.

ಮೊನ್ನೆ ರಾಯರ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ. ಮೈಗೆಲ್ಲ ಮಸಿ, ಸೊಂಟಕ್ಕೆ ಸೊಪ್ಪು, 'ಬುಡಕಟ್ಟು ನೃತ್ಯ'. ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯಲ್ಲಿ ಆ ಬುಡಕಟ್ಟಿನ ಮಗು ಒಂದೂ ಇರಲಿಲ್ಲ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಒಂದು ಆಕ್ಷೇಪಣೆ ಬಂತು: ಆ ಕಪ್ಪು ಬಣ್ಣದಿಂದ ಮಗುವಿನ ಚರ್ಮಕ್ಕೆ ಏನಾದರೂ ತೊಂದರೆ ಆಗ್ತದಾ ಮೇಡಂ?