ಯಾರ ಅಜ್ಜ, ಯಾವ ಹೈ ಸ್ಟ್ರೀಟು?

"ಅಜ್ಜ, ವರ್ಕ್ಸ್‌ನಲ್ಲಿ."

ಇವತ್ತು ಬೆಳಗ್ಗೆ ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ, ಜನ ಕಾರಿನ ಡಿಕ್ಕಿಯಲ್ಲಿಟ್ಟು ಹಳೇ ಸಾಮಾನು ಮಾರೋ ಕಾರ್ ಬೂಟ್ ಸೇಲ್‌ನಲ್ಲಿ ಒಂದು ರಟ್ಟಿನ ಡಬ್ಬದ ತುಂಬಾ ಹಳೇ ಫೋಟೋ ಇಟ್ಕೊಂಡು ಮಾರ್ತಿದ್ರು, ಒಂದಕ್ಕೆ ಒಂದು ಪೌಂಡ್. ಯಾರದೋ ಮನೆ ಖಾಲಿ ಮಾಡಿಸುವಾಗ ಸಿಕ್ಕಿದ್ದಂತೆ. ಅದರಲ್ಲೊಂದು ಫೋಟೋ ಹಿಂದೆ ಬಾಲ್‌ಪೆನ್ನಲ್ಲಿ ಬರೆದಿದ್ದು ಮೇಲಿನ ಎರಡು ಪದ. ಅಷ್ಟೇ. ಹೆಸರಿಲ್ಲ, ಇಸವಿಯಿಲ್ಲ, ಬೀದಿಯಿಲ್ಲ.

ಅಲ್ಲ ಸ್ವಾಮಿ, ವರ್ಕ್ಸ್ ಅಂದ್ರೆ ಈ ಊರಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆ. ಅದು ಶುರುವಾಗಿದ್ದು 1843ರಲ್ಲಿ, ಬಾಗಿಲು ಹಾಕಿದ್ದು 1986ರಲ್ಲಿ. ಜೋರಾಗಿ ನಡೀತಿದ್ದ ಕಾಲದಲ್ಲಿ 14,000 ಜನ ಅಲ್ಲಿ ದುಡೀತಿದ್ರು. ಊರಿಗೆ ಊರೇ ಅಜ್ಜಂದಿರು! ಅದರಲ್ಲಿ ಇವರು ಯಾವ ಅಜ್ಜ? ಯಾರ ಅಜ್ಜ?

ಮತ್ತೆ ಸ್ವಿಂಡನ್ ಪುರಾಣ ಶುರುವಾಯ್ತಾ ಅಂತ ಮೂಗು ಮುರಿಯೋ ಗೆಳೆಯರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು. ನನಗೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ.

ಅದೇ ಡಬ್ಬದಲ್ಲಿ ಒಂದು "ಟ್ರಿಪ್" ಫೋಟೋ ಇತ್ತು. ಪ್ರತಿ ಜುಲೈನಲ್ಲಿ ಕಾರ್ಖಾನೆ ಮುಚ್ಚಿ, ನೌಕರರೆಲ್ಲ ಸಂಸಾರ ಸಮೇತ ವಿಶೇಷ ರೈಲುಗಳಲ್ಲಿ ಹೊರಡ್ತಿದ್ರಲ್ಲ, ಅದು. 1849ರಲ್ಲಿ ಸುಮಾರು 500 ಜನ ಆಕ್ಸ್‌ಫರ್ಡಿಗೆ ಹೋಗಿದ್ದರಿಂದ ಶುರುವಾಗಿ, ಆಮೇಲೆ ಹತ್ತಾರು ಸಾವಿರ ಜನ ಒಟ್ಟಿಗೆ ಊರು ಬಿಡೋ ಮಟ್ಟಕ್ಕೆ ಬೆಳೀತು. ವೇಮತ್ ಕಡಲತೀರಕ್ಕೆ ಅರ್ಧ ಸ್ವಿಂಡನ್ನೇ ಹೋಗಿ ಕೂರ್ತಿತ್ತು. ರೈಲು ಪುಕ್ಕಟೆ, ಆದರೆ ರಜೆಯ ದಿನಗಳಿಗೆ ಬಹುಕಾಲ ಸಂಬಳ ಇರಲಿಲ್ಲ. ವಾಪಸ್ ಬಂದ ಮೇಲಿನ ವಾರ ಎಷ್ಟು ಮನೆಗಳಲ್ಲಿ ಒಲೆ ಹತ್ತೋದೇ ಕಷ್ಟವಾಗಿತ್ತೋ. ಫೋಟೋದಲ್ಲಿ ಪ್ಲಾಟ್‌ಫಾರ್ಮ್ ಇಲ್ಲ. ಹಳಿ ಪಕ್ಕದ ನೆಲದ ಮೇಲೆ ನಿಂತ ಬೋಗಿಗೆ ಮರದ ಮೆಟ್ಟಿಲು ಆನಿಸಿದ್ದಾರೆ. ದೊಡ್ಡ ಟೋಪಿ ಹಾಕಿದ ಹೆಂಗಸೊಬ್ಬಳು ಒಂದು ಕೈಯಲ್ಲಿ ಲಂಗ, ಇನ್ನೊಂದರಲ್ಲಿ ಹುಡುಗನ ರಟ್ಟೆ ಹಿಡಿದು ಹತ್ತುತ್ತಿದ್ದಾಳೆ. ಯಾರಮ್ಮ ನೀನು?

ಹೆಸರು ಸಿಗದಿದ್ದರೂ ಕಾಲವನ್ನ ಹಿಡೀಬಹುದು. ಫೋಟೋ ತಿರುಗಿಸಿ ನೋಡಿ. ಅದು ಪೋಸ್ಟ್‌ಕಾರ್ಡ್ ಆಗಿದ್ದು, ಹಿಂಭಾಗವನ್ನ ಗೆರೆ ಎಳೆದು ಪತ್ರಕ್ಕೊಂದು ಪಾಲು, ವಿಳಾಸಕ್ಕೊಂದು ಪಾಲು ಮಾಡಿದ್ದರೆ 1902ಕ್ಕಿಂತ ಹಳೇದಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೇ ಆ ವರ್ಷ. ಅರ್ಧ ಪೆನ್ನಿ ಸ್ಟಾಂಪಿನಲ್ಲಿ ಹೋಗಿದ್ದರೆ ಬಹುತೇಕ 1918ರ ಜೂನ್‌ಗಿಂತ ಮುಂಚಿನದು, ಆಮೇಲೆ ದರ ಒಂದು ಪೆನ್ನಿ ಆಯ್ತು. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು ಆರೂವರೆಗೆ ಹತ್ತು ಸೆಂಟಿಮೀಟರಿನ ಪುಟ್ಟ ಫೋಟೋ ಆದರೆ 1860ರ ದಶಕದವರೆಗೂ ಹಿಂದೆ ಹೋಗಬಹುದು. ಸ್ಟುಡಿಯೋದ ಮುದ್ರೆ ಇದ್ದರೆ ಅರ್ಧ ಕೆಲಸ ಮುಗೀತು: ಊರಿನ ಅಂಗಡಿ, ಕಸುಬಿನವರ ವಿಳಾಸ ಪಟ್ಟಿ ಮಾಡಿದ ಕೆಲ್ಲಿಯ ಹಳೇ ಡೈರೆಕ್ಟರಿಗಳಲ್ಲಿ ಆ ಸ್ಟುಡಿಯೋ ಯಾವ ವಿಳಾಸದಲ್ಲಿ ಯಾವ ವರ್ಷಗಳಲ್ಲಿತ್ತು ಅಂತ ನೋಡಿದರೆ ಸಾಕು. ಇಲ್ಲಿಯ ವಿಲಿಯಂ ಹೂಪರ್, ಕಾಲು ಕಳ್ಕೊಂಡ ಮೇಲೆ ಕಾರ್ಖಾನೆ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ ಮನುಷ್ಯ, ಆ ಕಾಲದ ಸ್ವಿಂಡನ್ನನ್ನ ಬೀದಿಬೀದಿಯಾಗಿ ಹಿಡಿದಿಟ್ಟಿದ್ದಾನೆ. ಬಟ್ಟೆ ನೋಡಿ ಇಸವಿ ಹೇಳೋ ಪಂಡಿತರಿಗೆ ಒಂದು ಮಾತು: ಅಜ್ಜಿಯ ಬಟ್ಟೆ ನೋಡಬೇಡಿ, ಅಜ್ಜಿ ಇಪ್ಪತ್ತು ವರ್ಷದ ಹಿಂದೆ ಹೊಲಿಸಿದ್ದನ್ನೇ ಹಾಕಿರ್ತಾಳೆ. ಗುಂಪಿನಲ್ಲಿ ಅತಿ ಚಿಕ್ಕ ಪ್ರಾಯದ ಹೆಂಗಸಿನ ತೋಳು, ಕಾಲರು, ಟೋಪಿ ನೋಡಿ.

ಇನ್ನು ಬೀದಿ ಹೆಸರು. ಇಲ್ಲಿ ಎಡವದವರಿಲ್ಲ. "ನಮ್ಮ ಮುತ್ತಜ್ಜಿ ಹುಟ್ಟಿದ್ದು ಹೈ ಸ್ಟ್ರೀಟಲ್ಲಿ" ಅಂತ ಮನೆಮಂದಿ ಹೇಳ್ತಾರೆ. ಮೊಮ್ಮಕ್ಕಳು ಗುಡ್ಡದ ಮೇಲಿನ ಓಲ್ಡ್ ಟೌನಿನ ಹೈ ಸ್ಟ್ರೀಟಿಗೆ ಹೋಗಿ ಸೆಲ್ಫಿ ತಗೊಂಡು ಬರ್ತಾರೆ. ಆದರೆ 1900ರವರೆಗೆ ಇದು ಒಂದೂರಲ್ಲ, ಎರಡು. ಗುಡ್ಡದ ಮೇಲೆ ಹಳೇ ಸ್ವಿಂಡನ್, ಕೆಳಗೆ ರೈಲ್ವೆಯವರ ನ್ಯೂ ಸ್ವಿಂಡನ್. ಕೆಳಗೆ ಕಾರ್ಖಾನೆ ನೌಕರರಿಗಂತ ಕಟ್ಟಿದ ಬಡಾವಣೆ ರೈಲ್ವೆ ವಿಲೇಜಿನಲ್ಲೂ ಒಂದು ಹೈ ಸ್ಟ್ರೀಟ್ ಇತ್ತು, ಅದೇ ಈಗಿನ ಎಮ್ಲಿನ್ ಸ್ಕ್ವೇರ್. ಅಲ್ಲಿದ್ದ ಬಾತ್ ಸ್ಟ್ರೀಟು ಈಗ ಬಾತಾಂಪ್ಟನ್ ಸ್ಟ್ರೀಟ್. ಎರಡೂರು ಒಂದಾದ ಮೇಲೆ ಒಂದೇ ಥರದ ಹೆಸರುಗಳಿದ್ದರೆ ಪೋಸ್ಟ್‌ಮನ್ ಪಾಡು ಏನಾಗಬೇಕು? ಹಾಗಾಗಿ ಬೀದಿ ಹೆಸರು ಕೇಳಿದ ಕೂಡಲೇ ಗೂಗಲ್ ಮ್ಯಾಪ್ ತೆಗೀಬೇಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೇ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳು ಪುಕ್ಕಟೆ ಸಿಗ್ತವೆ. ಮೈಲಿಗೆ 25 ಇಂಚಿನ ನಕ್ಷೆ ತೆಗೆದು, ಆ ಕಾಲದ ಬೀದಿ ಮೊದಲು ಗುರುತಿಸಿ, ಆಮೇಲೆ ಇವತ್ತಿನ ಹೆಸರಿಗೆ ಬನ್ನಿ.

ಮನೆಯವರು ಹೇಳೋ ಕಥೆಗಳೂ ಹಾಗೇ. ಅಜ್ಜಿಗೆ ಹತ್ತು ಮಕ್ಕಳಂತೆ, ಕೆಲವು ಹೋಗಿಬಿಟ್ವಂತೆ. ಅಂತೆ ಯಾಕೆ? 1911ರ ಜನಗಣತಿಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರೋದೆಷ್ಟು, ಸತ್ತಿದ್ದೆಷ್ಟು ಅಂತ ಕೇಳಿದ್ರು. ಸಾಮಾನ್ಯವಾಗಿ ಮನೆಯ ಯಜಮಾನನೇ ಸ್ವಂತ ಕೈಯಿಂದ ತುಂಬಿದ ಆ ಹಾಳೆ ಉಳಿದಿದೆ. 1921ರದ್ದು ಇನ್ನೂ ಚೆಂದ, ಕೆಲಸ ಕೊಟ್ಟವರು ಯಾರು, ಕೆಲಸದ ಜಾಗ ಯಾವುದು ಅಂತಾನೂ ಇದೆ. "ವರ್ಕ್ಸ್‌ನಲ್ಲಿದ್ರು" ಅನ್ನೋ ಮಾತು ನಿಜವೋ ಬರೀ ಬಡಾಯಿಯೋ ಅಲ್ಲೇ ಗೊತ್ತಾಗುತ್ತೆ. ಆಮೇಲೆ ದೊಡ್ಡ ಗುಂಡಿ: 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದ್ವು, 1941ರಲ್ಲಿ ಯುದ್ಧ ಅಂತ ಗಣತಿಯೇ ಆಗಲಿಲ್ಲ. ಆ ಗುಂಡಿ ದಾಟೋಕೆ ಇರೋದು ಯುದ್ಧ ಶುರುವಾದಾಗ ಮನೆಮನೆಯ ಜನರನ್ನ ಪಟ್ಟಿ ಮಾಡಿದ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್ ಒಂದೇ. ಅದರಲ್ಲಿ ಹುಟ್ಟಿದ ತಾರೀಕು ಸಿಗುತ್ತೆ, ಮದುವೆಯಾದ ಹೆಣ್ಣುಮಕ್ಕಳ ಹೊಸ ಮನೆತನದ ಹೆಸರನ್ನ ಆಮೇಲೆ ಮೇಲುಗಡೆ ಬರೆದಿರೋದೂ ಸಿಗುತ್ತೆ. ಆದರೆ ಹುಟ್ಟಿ ನೂರು ವರ್ಷ ಆಗದವರ ಸಾಲನ್ನ, ಸತ್ತಿದ್ದಕ್ಕೆ ದಾಖಲೆ ಇಲ್ಲದಿದ್ದರೆ, ಕಪ್ಪು ಮಾಡಿ ಮುಚ್ಚಿರ್ತಾರೆ. ನೌಕರಿಯ ರಿಜಿಸ್ಟರುಗಳು ಬೇಕಂದ್ರೆ ಲಂಡನ್ನಿನ ಕ್ಯೂನಲ್ಲಿರೋ ರಾಷ್ಟ್ರೀಯ ಪತ್ರಾಗಾರದಲ್ಲಿ ರೈಲ್ 264 ಅನ್ನೋ ಸರಣಿ ನೋಡಿ.

ಚರ್ಚಿನಲ್ಲಿ ಬ್ಯಾಪ್ಟಿಸಂ, ಅಂದ್ರೆ ದೀಕ್ಷಾಸ್ನಾನದ ದಾಖಲೆ ಸಿಗಲಿಲ್ಲ, ಹಾಗಾಗಿ ಮುತ್ತಜ್ಜ "ಗುಟ್ಟಾಗಿ" ಹುಟ್ಟಿರಬೇಕು ಅಂತ ಕಥೆ ಕಟ್ಟೋರನ್ನೂ ಕಂಡಿದೀನಿ. ರೈಲ್ವೆ ವಿಲೇಜಿನ ಸೇಂಟ್ ಮಾರ್ಕ್ಸ್ ಚರ್ಚು ಬಂದಿದ್ದು 1845ರಲ್ಲಿ. ಆದರೆ ಎಲ್ಲರೂ ಆ ಚರ್ಚಿನವರಾ? ರೋಲಿಂಗ್ ಮಿಲ್ಲಿನಲ್ಲಿ ಹಳಿ ತಯಾರಿಸೋ ಕೆಲಸಕ್ಕೆ 1860ರ ದಶಕದಲ್ಲಿ ವೇಲ್ಸ್‌ನಿಂದ ಬಂದು ಕ್ಯಾಂಬ್ರಿಯಾ ಪ್ಲೇಸ್‌ನಲ್ಲಿ ನೆಲೆಸಿದವರು ತಮ್ಮದೇ ಬ್ಯಾಪ್ಟಿಸ್ಟ್ ಚಾಪೆಲ್ ಕಟ್ಕೊಂಡ್ರು. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸೋದೇ ಇಲ್ಲ. ಇಲ್ಲದ ದಾಖಲೆ ಎಲ್ಲಿಂದ ಸಿಗಬೇಕು! ಜನನ ನೋಂದಣಿ 1837ರ ಜುಲೈನಿಂದ ಇದೆ, ಅಲ್ಲಿ ಹುಡುಕಿ. ಪಾಪದವನ ಮೇಲೆ ಇಲ್ಲದ ಅಪವಾದ ಹೊರಿಸಬೇಡಿ.

"ಇದೆಲ್ಲ ಯಾಕೆ ಮಾರಾಯ್ರೆ, ನೆನಪು ಅನ್ನೋದು ಭಾವನೆ, ಅದಕ್ಕೂ ಆಧಾರ ಕೇಳ್ತೀರಾ" ಅಂತ ಕಾಮೆಂಟ್ ಹಾಕೋಕೆ ಯಾರೋ ತಯಾರಾಗಿರ್ತೀರಿ, ಗೊತ್ತು. ಒಪ್ಪಿದೆ, ಎಲ್ಲ ಕಥೆಗೂ ರಸೀದಿ ಕೇಳೋಕಾಗಲ್ಲ. ಆದರೆ ಆ ಭಾವನೆ ಇಟ್ಕೊಂಡಿದ್ದವರು ಹೋದ ಮೂರನೇ ತಿಂಗಳಿಗೆ ಫೋಟೋ ಒಂದು ಪೌಂಡಿಗೆ ಬಂತಲ್ಲ, ಅದಕ್ಕೇನಂತೀರಿ? "ಮ್ಯೂಸಿಯಂಗೆ ಕೊಟ್ರಾಯ್ತು" ಅನ್ನೋರಿಗೂ ಅದೇ ಮಾತು. ಹೆಸರು, ಊರು, ಕಾಲ ಯಾವುದೂ ಗೊತ್ತಿಲ್ಲದ ಫೋಟೋನ ಯಾವ ಸಂಗ್ರಹಾಲಯದವರೂ ಕುಣಿದಾಡಿ ತಗೊಳ್ಳಲ್ಲ. ಅವರಿಗೂ ಕಪಾಟಿನ ಜಾಗ ಅಷ್ಟೇ ಇರೋದು.

ನಿಜ ಹೇಳಿಬಿಡ್ತೀನಿ, ನನಗೆ ಉಗಿ ಎಂಜಿನ್ನುಗಳ ಮೇಲೆ ನಯಾಪೈಸೆ ಮೋಹ ಇಲ್ಲ. 1960ರ ಮಾರ್ಚಿನಲ್ಲಿ ಇಲ್ಲಿಂದ ಹೊರಬಂದ 92220 "ಈವನಿಂಗ್ ಸ್ಟಾರ್", ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ನು. ಅದರ ಜಾತಕ ಬರೆದಿಟ್ಟವರು ಎಷ್ಟೋ ಜನ. ಅದಕ್ಕೆ ರಿವೆಟ್ ಬಡಿದವನ ಹೆಸರನ್ನ ಅವನ ಮೊಮ್ಮಗಳೇ ಬರೆದಿಡಲಿಲ್ಲ.

ಬರೆಯೋದೇನು ಬ್ರಹ್ಮವಿದ್ಯೆಯಲ್ಲ. ಹಳೇ ಕಾಗದದ ಫೋಟೋ ಆದರೆ ಗಟ್ಟಿ, ಸ್ವಚ್ಛ ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, 2ಬಿ ಅಥವಾ 4ಬಿ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೀರಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಪೂರ್ತಿ ಹೆಸರು, ಹೆಣ್ಣುಮಕ್ಕಳದ್ದಾದರೆ ತವರಿನ ಮನೆತನದ ಹೆಸರೂ ಸೇರಿಸಿ. ಮನೆ ನಂಬರ್ ಸಮೇತ ಬೀದಿ. ಇಸವಿ ಖಚಿತ ಇಲ್ಲದಿದ್ದರೆ "ಸುಮಾರು" ಅಂತ ಹಾಕಿ. ಇದನ್ನೆಲ್ಲ ಹೇಳಿದ್ದು ಯಾರು, ಯಾವಾಗ ಅಂತಾನೂ ಹಾಕಿ. "ಅಜ್ಜ" ಅಂತ ಮಾತ್ರ ಬರೀಬೇಡಿ, ದಮ್ಮಯ್ಯ.

ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೆರೆ ಉಬ್ಬಿ ಬರುತ್ತೆ. ಸ್ಕೆಚ್ ಪೆನ್ನಿನ ಶಾಯಿ ಕೆಳಗಿನ ಫೋಟೋಗೆ ಅಂಟುತ್ತೆ. ಎಪ್ಪತ್ತರ ದಶಕದಿಂದೀಚಿನ ನುಣುಪು ಪ್ಲಾಸ್ಟಿಕ್ ಲೇಪದ ಫೋಟೋಗಳ ಬೆನ್ನಿಗೆ ಪೆನ್ಸಿಲ್ ಹಿಡಿಯೋದೇ ಇಲ್ಲ. ಅದಕ್ಕೆ ಫೋಟೋ ದಾಖಲೆಗಂತಲೇ ಬರೋ ಪಿಗ್ಮೆಂಟ್ ಪೆನ್ ತಗೊಂಡು, ಬರೆದ ಮೇಲೆ ಪೂರ್ತಿ ಒಣಗೋಕೆ ಬಿಡಿ. ಅಂಟು ಹಾಳೆಯ ಆಲ್ಬಮ್‌ನಲ್ಲಿ ಕಚ್ಚಿಕೊಂಡಿದ್ದರೆ ಕಿತ್ತು ಎಳೀಬೇಡಿ, ಹಲ್ಲು ತಿಕ್ಕೋ ದಾರ ಇದೆಯಲ್ಲ, ಡೆಂಟಲ್ ಫ್ಲಾಸ್, ಅದನ್ನ ಹಿಂದಿನಿಂದ ತೂರಿಸಿ ನಿಧಾನಕ್ಕೆ ಗರಗಸದ ಹಾಗೆ ಆಡಿಸಿ. ಅದಕ್ಕೂ ಬಿಡದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ, 600 ಡಿಪಿಐನಲ್ಲಿ. ಬೆನ್ನನ್ನೂ ಸ್ಕ್ಯಾನ್ ಮಾಡಿ. ಅದನ್ನ ಯಾರೂ ಮಾಡಲ್ಲ.