ಸಿ. ಎಲ್. ಮೂರ್ ಹೆಸರು ಮುಚ್ಚಿಟ್ಟಿದ್ದು ಬ್ಯಾಂಕಿನವರಿಂದ

ಹೆಂಗಸು ಅಂತ ಗೊತ್ತಾದರೆ ಕಥೆ ಅಚ್ಚಾಗಲ್ಲ ಎಂದು ಹೆದರಿ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳ ಲೇಖಕಿ ಕ್ಯಾಥರೀನ್ ಲೂಸಿಲ್ ಮೂರ್ ‘ಸಿ. ಎಲ್. ಮೂರ್’ ಆದರು ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. ಅವರೇ ಹೇಳಿದ ಕಾರಣ ಬೇರೆ.

1933ರ ನವೆಂಬರ್‌ನಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಅವರ ‘ಶ್ಯಾಂಬ್ಲೋ’ ಕಥೆ ಬಂದಾಗ ಅವರು ಅಮೆರಿಕದ ಇಂಡಿಯಾನಾಪೊಲಿಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಮಹಾ ಆರ್ಥಿಕ ಕುಸಿತದ ಕಾಲ ಅದು. ಬೇರೆ ಸಂಪಾದನೆ ಇದೆ ಅಂತ ತಿಳಿದರೆ ಕೆಲಸ ಹೋಗುತ್ತೆ ಎಂಬ ಭಯ, ಅಷ್ಟೇ. ಅದೇ ಪತ್ರಿಕೆಯಲ್ಲಿ ಇನ್ನೊಬ್ಬ ಲೇಖಕಿ ಮೇರಿ ಎಲಿಜಬೆತ್ ಕೌನ್ಸೆಲ್ಮನ್ ಪೂರ್ತಿ ಹೆಸರಲ್ಲೇ ಬರೆಯುತ್ತಿದ್ದರಲ್ವಾ?

ಓದುಗರು ಮೂರ್ ಅವರನ್ನು ಗಂಡಸು ಅಂದುಕೊಂಡಿದ್ದಂತೂ ನಿಜ. ಲೇಖಕ ಹೆನ್ರಿ ಕಟ್ನರ್ ‘ಮಿಸ್ಟರ್ ಮೂರ್’ಗೆ ಮೆಚ್ಚುಗೆಯ ಪತ್ರ ಬರೆದರು. 1940ರಲ್ಲಿ ಆ ‘ಮಿಸ್ಟರ್’ ಜೊತೆಗೇ ಅವರ ಮದುವೆಯಾಯಿತು!